ಗುಂಡನ ನೀರಿನ ಬಟ್ಟಲು

ಡೊಂಬಿವಲಿಯ ನಮ್ಮ ಮನೆಯ ಬೆಕ್ಕು ಗುಂಡ ಕಳೆದ ಮಳೆಗಾಲದಲ್ಲಿ ಕುತ್ತಿಗೆ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದ. ಡಾಕ್ಟರು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು, ತುರಿಕೆ ನಿಂತಿತು. ಮತ್ತೆ ಶುರುವಾದಾಗಲೆಲ್ಲ ‘ಅದೇ ಇಂಜೆಕ್ಷನ್ ಹಾಕಿಬಿಡಿ’ ಎಂದವಳು ನಾನೇ. ಮೂಲ ಕಾರಣ ಚಿಗಟ. ಅದರ ಗೋಜಿಗೇ ಹೋಗಲಿಲ್ಲ.

ಮೂರನೆಯದರ ನಂತರ ಗುಂಡ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ಚೆನ್ನಾಗಿ ತಿಂದರೂ ಸೊರಗುತ್ತಿದ್ದ. ಸೆಖೆ ಇರಬೇಕು ಅಂದುಕೊಂಡೆ! ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯತೊಡಗಿದಾಗ ಓಡಿದೆವು. ಸಕ್ಕರೆ ಕಾಯಿಲೆ.

ಸ್ಟಿರಾಯ್ಡ್ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ದಪ್ಪಗಿದ್ದು ಮನೆಯೊಳಗೇ ಇರುವ ಗಂಡು ಬೆಕ್ಕುಗಳಿಗೆ ಅಪಾಯ ಹೆಚ್ಚು. ನಮ್ಮವನು ಆರೂವರೆ ಕಿಲೋ. ಮಾತ್ರೆಯಾದರೆ ಡಾಕ್ಟರು ಹಂತಹಂತವಾಗಿ ಇಳಿಸಬಹುದು (ನಾವಾಗಿಯೇ ಥಟ್ಟನೆ ನಿಲ್ಲಿಸಬಾರದು). ವಾರಗಟ್ಟಲೆ ಮೈಯಲ್ಲುಳಿಯುವ ಇಂಜೆಕ್ಷನ್ನನ್ನು ವಾಪಸು ತೆಗೆಯುವಂತಿಲ್ಲ. ಸ್ಟಿರಾಯ್ಡ್ ಬೇಡವೇ ಬೇಡ ಅಂತಲ್ಲ, ಉಬ್ಬಸದ ಬೆಕ್ಕಿಗೆ ಅದು ಬೇಕಾಗುತ್ತದೆ. ಆದರೆ ಕೊಡಿಸುವ ಮೊದಲು ತೂಕ, ರಕ್ತದ ಸಕ್ಕರೆ ನೋಡಿಸಿ. ಆಮೇಲೆ ನೀರಿನ ಬಟ್ಟಲ ಮೇಲೆ ಕಣ್ಣಿಡಿ.

ಈಗ ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಇನ್ಸುಲಿನ್. ಹಾಲನ್ನ ಬಂದ್. ಬೇಗ ಹತೋಟಿಗೆ ಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ನಿಲ್ಲಿಸಲೂ ಆಗುತ್ತದಂತೆ. ಅಲ್ಲಿಯವರೆಗೆ, ದೀಪಾವಳಿಗೆ ಧಾರವಾಡಕ್ಕೆ ಹೋಗುವವರು ಯಾರು, ಗುಂಡನ ಹತ್ತಿರ ಉಳಿಯುವವರು ಯಾರು ಅನ್ನುವುದೇ ಮನೆಯ ಚರ್ಚೆ.