ಕರಸ್ಪರ್ಶವೂ ಕೈಗವಸೂ

ಕಳೆದ ಶ್ರಾವಣ ಸೋಮವಾರ ನಂದಿನಿ ಲೇಔಟಿನ ಭಕ್ತರೊಬ್ಬರ ಮನೆಗೆ ಪೂಜಾನಿಮಿತ್ತ ಹೋಗಿದ್ದೆವು. ಪ್ರಸಾದವಾದ ಮೇಲೆ ಮನೆಯ ವೃದ್ಧ ಮಾತೆ ಕೇಳಿದರು: “ಶಾಸ್ತ್ರಿಗಳೇ, ದೂರದಿಂದಲೇ ಮುಟ್ಟಿದಂತಾಗುವ ಕೈಗವಸು ಬಂದಿದೆಯಂತೆ. ಅದನ್ನು ತೊಟ್ಟು ಅಮೆರಿಕದಿಂದಲೇ ನಿನ್ನ ಪಾದ ಮುಟ್ಟುತ್ತೇನೆ ಅನ್ನುತ್ತಾನೆ ಮಗ. ನಿಜವೇ?”

ಪ್ರಶ್ನೆ ನಗುವಂಥದ್ದಲ್ಲ. ಅಮೆರಿಕದ ಹ್ಯಾಪ್ಟ್‌ಎಕ್ಸ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಕೈಗವಸಿನಲ್ಲಿ ಒಂದೊಂದು ಕೈಗೆ 135 ಸೂಕ್ಷ್ಮ ಗುಳ್ಳೆಗಳಿವೆ. ಗಾಳಿ ತುಂಬಿದ ಗುಳ್ಳೆ ಚರ್ಮವನ್ನು ಒತ್ತುತ್ತದೆ. ಬೆರಳ ಹಿಂಬದಿಯ ತಂತುಗಳು ಬಿಗಿಹಿಡಿದು ತಡೆಯುತ್ತವೆ. ಕಣ್ಣಿಗೆ ಕಟ್ಟಿದ ಪರದೆಯೊಳಗೆ ಕಂಡ ವಸ್ತು ಕೈಗೆ ಸಿಕ್ಕಿದಂತೆಯೇ ತೋರುತ್ತದೆ.

ಈ ವಿದ್ಯೆಗೆ ನಮ್ಮ ನಾಡಿನ ನಂಟೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಮಂಡಯಂ ಶ್ರೀನಿವಾಸನ್ ಅವರು ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಪರ್ಶ ಪ್ರಯೋಗಾಲಯವನ್ನು ಕಟ್ಟಿದರು. 2002ರ ಅಕ್ಟೋಬರಿನಲ್ಲಿ ಅಲ್ಲಿಯ ಒಬ್ಬರೂ ಲಂಡನ್ನಿನ ಒಬ್ಬರೂ ಸಾಗರದ ಎರಡು ದಡಗಳಿಂದ ಒಂದು ಕಾಲ್ಪನಿಕ ಘನವನ್ನು ಕೂಡಿ ಎತ್ತಿದರು. ಆಗ ಇದ್ದದ್ದು ಕೈಗವಸಲ್ಲ, ಯಂತ್ರದ ತೋಳು. ಒಬ್ಬರು ನೂಕಿದ್ದು ಇನ್ನೊಬ್ಬರ ಕೈಗೆ ತಿಳಿಯಿತು. ಏಕೆಂದರೆ ಯಂತ್ರ ಎರಡೂ ಕಡೆ ಇತ್ತು.

ಮಾತಿನ ಮರ್ಮ ಇಲ್ಲಿದೆ. ಮಗನೊಬ್ಬನೇ ಕೈಗವಸು ತೊಟ್ಟರೆ ಅವನ ಕೈಗೆ ಸಿಗುವುದು ಗಣಕಯಂತ್ರ ರಚಿಸಿದ ಪಾದದ ಆಕೃತಿ. ತಾಯಿಯ ಪಾದಕ್ಕೆ ಏನೂ ತಟ್ಟುವುದಿಲ್ಲ. ಮುಟ್ಟಿದವನಿಗೆ ಮುಟ್ಟಿದ ಸಮಾಧಾನ, ಮುಟ್ಟಿಸಿಕೊಳ್ಳಬೇಕಾದವರು ಬರಿಗೈ.

ಷಟ್‌ಸ್ಥಲ ಶಾಸ್ತ್ರದಲ್ಲಿ ತ್ವಗಿಂದ್ರಿಯದ ಮುಖಕ್ಕೆ ಹೇಳಿರುವುದು ಜಂಗಮಲಿಂಗವನ್ನು. ಅಲ್ಲಿ ಸ್ಪರ್ಶವೇ ಅರ್ಪಿತ. ಜಂಗಮವೆಂದರೆ ಚಲಿಸುವುದು, ಚೈತನ್ಯವುಳ್ಳದ್ದು. ಅರ್ಪಿತವೆಂದ ಮೇಲೆ ಕೊಡುವವರಷ್ಟೇ ಸಾಲದು, ಕೊಳ್ಳುವವರೂ ಬೇಕು. ದಿನವೂ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿಯುವ ನಮ್ಮ ಮನೆತನಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗೆಂದು ಯಂತ್ರವನ್ನು ನಾವು ಹಳಿಯುವುದಿಲ್ಲ. ರೋಗಿಯ ಮೈಗೆ ಕತ್ತಿ ತಾಗಿಸುವ ಮುನ್ನ ವೈದ್ಯವಿದ್ಯಾರ್ಥಿ ಕೈಯನ್ನು ಪಳಗಿಸಿಕೊಳ್ಳಲು ಇಂಥ ಸ್ಪರ್ಶಯಂತ್ರಗಳು ನೆರವಾಗುತ್ತವೆ. ಅದು ಲೋಕೋಪಕಾರವೇ ಸರಿ.

ಆ ತಾಯಿಗೆ ಇಷ್ಟನ್ನು ಹೇಳಿದೆವು. ಆಕೆ ತುಸು ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡು, “ಹಾಗಾದರೆ ಅವನು ಕೈಗವಸಿನ ದುಡ್ಡಿನಲ್ಲಿ ಟಿಕೀಟು ತೆಗೆಯಲಿ, ಶಾಸ್ತ್ರಿಗಳೇ. ನಾನೂ ಅವನ ತಲೆ ಮುಟ್ಟಬೇಕಲ್ಲ” ಎಂದರು.

ದೂರದಲ್ಲಿರುವ ಮಕ್ಕಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ.