ಕಚೇರಿ ಬಿಟ್ಟು ಕಚೇರಿಗೆ

ನಮ್ಮ ಭಾಷೆಯಲ್ಲಿ ಸರಕಾರದ ಕೆಲಸ ನಡೆಯುವುದೂ ಕಚೇರಿ, ಸಂಗೀತ ನಡೆಯುವುದೂ ಕಚೇರಿ. ಮೊದಲನೆಯದರಲ್ಲಿ ಕಣ್ಣು ಮುಚ್ಚಿದರೆ ಮೆಮೋ ಬರುತ್ತದೆ. ಎರಡನೆಯದರಲ್ಲಿ ಮುಚ್ಚಿದರೆ ರಸಿಕರೆಂಬ ಹೆಸರು ಬರುತ್ತದೆ. ಆದರೆ ಹೋದ ತಿಂಗಳು ಒಂದು ಶನಿವಾರ ನಾವು ಹೋದ ಕಚೇರಿಯಲ್ಲಿ ನಿದ್ದೆಗೆ ಆಸ್ಪದವೇ ಇರಲಿಲ್ಲ. ಅದು ಡಿಸ್ಕೋ ಕಾಲದ ಹಾಡುಗಳ ಕಚೇರಿ.

ಟಿಕೇಟು ತಲೆಗೆ 700 ರೂಪಾಯಿ. ಮೂರು ತಲೆಗೆ ಎಷ್ಟಾಯಿತೆಂಬುದನ್ನು ನಮ್ಮ ಮನೆಯವರು ಬಾಯಿಲೆಕ್ಕದಲ್ಲಿಯೇ ಹೇಳಿ, ಅಷ್ಟಕ್ಕೆ ಒಳ್ಳೆಯ ಕುಕ್ಕರು ಬರುತ್ತಿತ್ತೆಂದೂ ಸೇರಿಸಿದರು. ಆದರೂ ನಾವು ಹಟ ಬಿಡಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಕುಂದಾಪುರದ ಕಡೆಯಿಂದ 1979ರಲ್ಲಿ ಮುಂಬಯಿಗೆ ಬಂದು, ಲಾಲಬಾಗದ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರು ಅವರು. ಡಿಸ್ಕೋ ಎಂದರೆ ಅವರ ಹರೆಯ.

"ಎಂತಕ್ಕೆ ಮಾರಾಯ? ಈ ಪ್ರಾಯದಲ್ಲಿ ನಾನು ಕುಣಿಯಲಿಕ್ಕುಂಟಾ?" ಎಂದರು. ಇಸ್ತ್ರಿಯ ಅಂಗಿ ಮಾತ್ರ ಮಧ್ಯಾಹ್ನವೇ ಕುರ್ಚಿಯ ಮೇಲೆ ಬಂದು ಕೂತಿತ್ತು.

ಸಭಾಗೃಹದಲ್ಲಿ ನರೆಗೂದಲೇ ಹೆಚ್ಚು. ಒಬ್ಬ ಮಹನೀಯರು ಮಿರಮಿರ ಮಿಂಚುವ ಜಾಕೀಟು ತೊಟ್ಟು ಬಂದಿದ್ದರು. ಮೆಟ್ಟಿಲಿಳಿಯುವಾಗ ಮಾತ್ರ ಮೊಮ್ಮಗಳ ಭುಜ ಬೇಕಾಯಿತು. ಮೊದಲಿಗೆ 1980ರ 'ಕುರ್ಬಾನಿ' ಚಿತ್ರದ ಡಿಸ್ಕೋ ಹಾಡು. ಚಿತ್ರ ತೆಗೆದ ಫಿರೋಜ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು. ಆ ಒಂದು ಹಾಡಿಗೆ ರಾಗ ಹಾಕಿದ ಬಿದ್ದು, ಬೆಂಗಳೂರಿನಲ್ಲಿಯೇ ಹುಟ್ಟಿ ಲಂಡನ್ನಿಗೆ ಹೋದ ಕೊಡವರು. ಹಾಡಿದ ನಾಜಿಯಾ ಹಸನ್‌ಗೆ ಆಗ ಹದಿನೈದರ ಆಸುಪಾಸು. 2000ದಲ್ಲಿ, ಬರಿಯ 35ಕ್ಕೆ, ಆಕೆ ತೀರಿಕೊಂಡರು. ಹಿಂದಿ ಡಿಸ್ಕೋದ ಹಿಂದೆ ನಮ್ಮೂರ ಇಬ್ಬರಿದ್ದಾರೆಂದು ನಾವು ಪಕ್ಕದ ಮರಾಠಿ ಗೃಹಸ್ಥರಿಗೆ ತಿಳಿಸಿದೆವು. ಅವರು ಕೇಳಿರಲಿಲ್ಲ, ನಾವು ತಿಳಿಸದೆ ಬಿಡಲೂ ಇಲ್ಲ.

ಅಪ್ಪಯ್ಯ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕುಕ್ಕರಿನ ದುಡ್ಡು ಸಾರ್ಥಕವಾಯಿತೆಂದು ನಮ್ಮ ಮನೆಯವರ ಮುಖವೇ ಹೇಳುತ್ತಿತ್ತು. ಅಷ್ಟರಲ್ಲಿ 1982ರ 'ಡಿಸ್ಕೋ ಡಾನ್ಸರ್' ಬಂತು. 2022ರಲ್ಲಿ ತೀರಿಕೊಂಡ ಬಪ್ಪಿ ಲಾಹಿರಿಯವರ ಸಂಗೀತ. ಸಭೆಗೆ ಸಭೆಯೇ ಎದ್ದು ನಿಂತಿತು. ಅಪ್ಪಯ್ಯ ಮಾತ್ರ ಏಳಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಗದ್ದಲಕ್ಕೆ ತಲೆನೋವು ಬಂದಿರಬೇಕೆಂದು ನಾವು ತಿಳಿದೆವು.

ಡೊಂಬಿವಲಿಯ ಗಾಡಿಯಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿದ ಮೇಲೆ ಅವರೇ ಬಾಯಿ ತೆರೆದರು.

1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ದತ್ತಾ ಸಾಮಂತರ ನೇತೃತ್ವ, ಸುಮಾರು 2.5 ಲಕ್ಷ ಕಾರ್ಮಿಕರು. ಇಷ್ಟು ನಾವು ಓದಿ ಬಲ್ಲೆವು. ಭೋಂಗಾ ನಿಂತ ಮೇಲೆ ಲಾಲಬಾಗದ ಹೋಟೆಲಿನಲ್ಲಿ ಚಹಾದ ಲೋಟಗಳು ಒಣಗಿಯೇ ಇರುತ್ತಿದ್ದುವೆಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ. ಅಪ್ಪಯ್ಯನ ಓರಗೆಯ ಒಬ್ಬ ಹುಡುಗ ಅಲ್ಲಿಗೆ ಬರುತ್ತಿದ್ದನಂತೆ. ಗಿರಣಿಯ ಬದಲಿ ಕೆಲಸದವನು, ಗಣಪತಿಯ ಮುಂದೆ ಅವನಂತೆ ಕುಣಿಯುವವರಿರಲಿಲ್ಲವಂತೆ. ಕೈ ಖಾಲಿಯಾದಾಗ ಅಪ್ಪಯ್ಯನೇ ಟಿಕೇಟು ಕೊಂಡು ಆ ಚಿತ್ರ ತೋರಿಸಿದರು.

"ಹೊರಗೆ ಬಂದ ಮೇಲೆ ಕೇಳಿದ, ಯಜಮಾನರಿಗೆ ಹೇಳಿ ಲೋಟ ತೊಳೆಯುವ ಕೆಲಸವಾದರೂ ಕೊಡಿಸು ಅಂತ. ನಾಳೆ ಕೇಳುತ್ತೇನೆ ಅಂದೆ."

"ಯಜಮಾನರು ಏನಂದರು, ಅಪ್ಪಯ್ಯ?"

"ನಾನು ಕೇಳಲೇ ಇಲ್ಲ. ಅದಾಗಲೇ ಇಬ್ಬರನ್ನು ಊರಿಗೆ ಕಳಿಸಿದ್ದರು. ಕೇಳಿದರೆ ನನ್ನ ಜಾಗಕ್ಕೇ ಅವನನ್ನು ಇಟ್ಟುಕೊಂಡರೆ? ಎಂಟು ದಿನ ಬಂದು ಬಾಗಿಲಲ್ಲಿ ನಿಂತ. ಆಮೇಲೆ ಬರಲಿಲ್ಲ."

ಠಾಣೆ ದಾಟಿತು. ನಮ್ಮ ಮನೆಯವರು ನೀರಿನ ಬಾಟಲಿ ಮುಂದೆ ಹಿಡಿದರು, ಅಪ್ಪಯ್ಯ ಕುಡಿಯಲಿಲ್ಲ.

"ಅವನದು ರತ್ನಾಗಿರಿ ಜಿಲ್ಲೆ, ರಾಜಾಪುರದ ಹತ್ತಿರ. ನಿನ್ನ ಆಫೀಸಿನಲ್ಲಿ ಆ ಕಡೆಯವರು ಯಾರಾದರೂ ಇದ್ದಾರಾ?"

ಇಬ್ಬರಿದ್ದಾರೆ. ನಾಳೆ ಕೇಳುತ್ತೇವೆಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆವು; ಹೇಗೂ ನಾಳೆ ಭಾನುವಾರ. ಸೋಮವಾರ ಹತ್ತು ಗಂಟೆಗೆ, ಹಾಜರಿ ಹಾಕುವುದಕ್ಕೂ ಮೊದಲು, ಹೆಸರು ಬರೆದ ಚೀಟಿಯನ್ನು ಒಬ್ಬರ ಮೇಜಿನ ಮೇಲಿಟ್ಟೆವು. ಅವರು ಊರಿಗೆ ಫೋನು ಮಾಡಿ ವಿಚಾರಿಸುತ್ತಿದ್ದಾರೆ. ದಿನವೂ ಸಂಜೆ ನಾವು ಚಪ್ಪಲಿ ಬಿಡುವ ಮೊದಲೇ ಅಪ್ಪಯ್ಯ ಬಾಗಿಲಿಗೆ ಬಂದು ನಮ್ಮ ಮುಖ ನೋಡುತ್ತಾರೆ.