ಸಾಣಾಪುರದ ಗುಡ್ಡಗಳಿಗೆ ಬೇಲಿ ಬೇಡ, ಕಾವಲು ಬೇಕು

ಹಂಪಿಯಲ್ಲೇ ನಿಂತು ಹಂಪಿಯನ್ನು ನೋಡಿದವರಿಗೆ ಅದರ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧಕ್ಕೆ ತುಂಗಭದ್ರೆಯನ್ನು ದಾಟಬೇಕು. ದೋಣಿ ಹತ್ತಿ ವಿರೂಪಾಪುರ ಗಡ್ಡೆಗೆ ಇಳಿದರೂ ಆಯಿತು, ಬುಕ್ಕಸಾಗರ–ಕಡೆಬಾಗಿಲು ಸೇತುವೆ ಬಳಸಿ ಬಂದರೂ ಆಯಿತು. ಗಂಗಾವತಿ ತಾಲ್ಲೂಕಿನ ಸಾಣಾಪುರ, ಆನೆಗೊಂದಿ, ಚಿಕ್ಕರಾಂಪುರದ ಗುಡ್ಡಗಳು ಆ ಇನ್ನರ್ಧವನ್ನು ತೋರಿಸುತ್ತವೆ. ಹೊಳೆ ಯಾಕೆ ಇಲ್ಲೇ ತಿರುಗಿತು, ಬಂಡೆಗಳ ನಡುವಿನ ಈ ಕಣಿವೆಯಲ್ಲೇ ರಾಜಧಾನಿ ಯಾಕೆ ಬೆಳೆಯಿತು ಎಂಬುದು ಮೇಲಿನಿಂದ ನೋಡಿದಾಗ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ.

ಅಂಜನಾದ್ರಿಯನ್ನೇ ನೋಡಿ. ಹನುಮಂತ ಹುಟ್ಟಿದ ಜಾಗವೆಂಬ ನಂಬಿಕೆಯಿಂದ 575 ಮೆಟ್ಟಿಲು ಹತ್ತುವ ಭಕ್ತರಿಗೆ ದರ್ಶನದ ಜೊತೆಗೆ ಮತ್ತೊಂದು ನೋಟವೂ ದಕ್ಕುತ್ತದೆ. ದಕ್ಷಿಣಕ್ಕೆ ಬಂಡೆಗಳ ನಡುವೆ ಕವಲೊಡೆದು ಹರಿಯುವ ಹೊಳೆ, ಅದರಾಚೆ ವಿರೂಪಾಕ್ಷನ ಗೋಪುರ, ಮತಂಗ ಪರ್ವತ. ಈ ಕಡೆ ಗುಡ್ಡದ ಬುಡದವರೆಗೂ ಭತ್ತದ ಗದ್ದೆ, ಬಾಳೆ ತೋಟ. ಗದ್ದೆಯ ಆ ಹಸಿರು ಕಾಲುವೆಯ ನೀರಿನದು. ವಿಜಯನಗರದ ಕಾಲದ ಕಾಲುವೆಗಳ ಬಳಿಕ, ಕಳೆದ ಶತಮಾನದ ನಡುವಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ನಾಲೆ ಬಂದು ಗಂಗಾವತಿಯನ್ನು ಭತ್ತದ ಕಣಜ ಮಾಡಿತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಈ ಭಾಗದ ರೈತರ ಎದೆ ಯಾಕೆ ನಡುಗಿತು ಎಂದು ತಿಳಿಯಬೇಕಾದವರೂ ಈ ಗುಡ್ಡದ ಮೇಲೆ ಒಂದಿಷ್ಟು ಹೊತ್ತು ನಿಲ್ಲಬೇಕು.

ಸಾಣಾಪುರ ಕೆರೆ ಎಂದು ಜನ ಕರೆಯುವುದೂ ಅದೇ ನಾಲೆಯ ಸಮತೋಲನ ಜಲಾಶಯವನ್ನೇ. ಸುತ್ತ ಗುಂಡುಗಳ ಗುಡ್ಡ, ನಡುವೆ ನೀಲಿ ನೀರು, ನೀರ ಮೇಲೆ ಹರಿಗೋಲು. ಸಂಜೆ ಬಿಸಿಲು ಬಿದ್ದಾಗ ಬಂಡೆಗಳು ಕೆಂಪಾಗುತ್ತವೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಅದು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಒಂದರ ಮೇಲೊಂದು ಕೂತಂತೆ ಉಳಿದ ಗುಂಡುಗಳು. ಈ ಗುಂಡುಗಳನ್ನು ಹಗ್ಗವಿಲ್ಲದೆ ಹತ್ತುವ ಆಟಕ್ಕೆಂದೇ ದೇಶವಿದೇಶಗಳಿಂದ ಯುವಕರು ಇಲ್ಲಿಗೆ ಬರುತ್ತಾರೆ.

ಇಷ್ಟು ಚೆಲುವಿನ ಊರಿಗೆ 2025 ದೊಡ್ಡ ನೋವು ತಂದಿತು. ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಜಿಗಿದವರು ಮತ್ತೆ ಜೀವಂತವಾಗಿ ಮೇಲೆ ಬರಲಿಲ್ಲ. ಮಾರ್ಚ್ 6ರ ರಾತ್ರಿ ನಾಲೆಯ ದಂಡೆಯಲ್ಲಿ ಕೂತು ನಕ್ಷತ್ರ ನೋಡುತ್ತಿದ್ದವರ ಮೇಲೆ ದಾಳಿ ನಡೆಯಿತು. ಇಸ್ರೇಲಿನ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆ ಅತ್ಯಾಚಾರಕ್ಕೆ ಒಳಗಾದರು. ನಾಲೆಗೆ ತಳ್ಳಲ್ಪಟ್ಟ ಮೂವರಲ್ಲಿ ಒಡಿಶಾದ ಯುವಕ ತೀರಿಕೊಂಡರು. ಮೊದಲನೆಯದು ಅವಘಡ, ಎರಡನೆಯದು ಘೋರ ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ ಆ ಎರಡೂ ಜಾಗಗಳಿಗೆ ಸಾವಿರಾರು ಜನ ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವರ ಮೇಲೆ ಕಣ್ಣಿಡುವ ವ್ಯವಸ್ಥೆ ಮಾತ್ರ ಬಂದ ಜನಕ್ಕೆ ತಕ್ಕಂತೆ ಇರಲಿಲ್ಲ.

ಇಂಥ ಘಟನೆಯ ಮರುದಿನ ಆಡಳಿತಕ್ಕೆ ಮೊದಲು ನೆನಪಾಗುವುದು ನಿಷೇಧ. ದಾರಿಗೆ ಅಡ್ಡಗಂಬ, ಬಂಡೆಗೆ ಫಲಕ, ಹರಿಗೋಲು ಬಂದ್. ಕೆಲವು ದಿನ ಇವು ಬೇಕಾಗಬಹುದು, ಆದರೆ ಗುಡ್ಡಗಳ ಊರಿಗೆ ಬೇಲಿ ಹಾಕಿ ಮುಗಿಸಲು ಆಗುವುದಿಲ್ಲ. ಮುಚ್ಚಿದ ದಾರಿಯ ಪಕ್ಕದಲ್ಲೇ ಮತ್ತೊಂದು ಕಾಲುದಾರಿ ಹುಟ್ಟುತ್ತದೆ, ಅಲ್ಲಿ ಕೇಳುವವರೇ ಇರುವುದಿಲ್ಲ. ವಿರೂಪಾಪುರ ಗಡ್ಡೆಯ ಕತೆಯೂ ಇದನ್ನೇ ಹೇಳುತ್ತದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮರು ತಿಂಗಳೇ ಅಲ್ಲಿನ ಅಕ್ರಮ ರೆಸಾರ್ಟ್‌ಗಳು ನೆಲಸಮವಾದವು. ಪಾರಂಪರಿಕ ನೆಲ ಉಳಿಯಲು ಆ ಕ್ರಮ ಅಗತ್ಯವಾಗಿತ್ತು. ಪ್ರವಾಸಿಗರು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ, ಸಾಣಾಪುರದ ಕಡೆಗೆ ಸರಿದರು. ಅವರ ಹಿಂದೆ ಆಡಳಿತ ಬರಬೇಕಿತ್ತು, ತಡವಾಯಿತು.

ಕರಾವಳಿ ಈ ಪಾಠವನ್ನು ಬೆಲೆ ತೆತ್ತು ಕಲಿಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ಕಡೆಯ ನಾಲ್ವರು ಶಾಲಾ ಬಾಲಕಿಯರು ಮುಳುಗಿ ಸತ್ತ ಮೇಲೆ, ಎಲ್ಲಿ ನೀರಿಗಿಳಿಯಬಹುದು, ಎಲ್ಲಿ ಕೂಡದು ಎಂಬ ಪ್ರಶ್ನೆಗೆ ಗಂಭೀರ ಉತ್ತರ ಹುಡುಕುವುದು ಅನಿವಾರ್ಯವಾಯಿತು. 1901ರ ಕಾಪು ದೀಪಸ್ತಂಭವನ್ನು ನಿಗದಿತ ವೇಳೆಯಲ್ಲಿ ಮಾತ್ರ ಹತ್ತಬಹುದು, ಇದರಿಂದ ಅಲ್ಲಿನ ನೋಟವೇನೂ ಕುಗ್ಗಿಲ್ಲ. ಕಡಲಿಗೆ ಲೈಫ್‌ಗಾರ್ಡ್ ಬೇಕೆಂದು ಒಪ್ಪುವ ಸರ್ಕಾರ ಹೊಳೆಗೂ ನಾಲೆಗೂ ಬೇಕೆಂದು ಒಪ್ಪಲು ಹಿಂಜರಿಯಬಾರದು. ನಿಜ ನೋಡಿದರೆ ನಾಲೆ ಇನ್ನೂ ಕಠಿಣ. ಅಲೆ ಇಲ್ಲ, ಸದ್ದಿಲ್ಲ, ನೋಡಲು ಸೌಮ್ಯ. ಒಳಗೆ ಸೆಳೆತ ಬಲವಾಗಿರುತ್ತದೆ, ದಂಡೆ ನುಣುಪಾಗಿ ಇಳಿಜಾರಾಗಿರುತ್ತದೆ. ಬಿದ್ದವರ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹಾಗಾದರೆ ಏನು ಬೇಕು? ಮೊದಲಿಗೆ ಜನ ಬೇಕು. ಯಾವ ಮಡುವಿನಲ್ಲಿ ಸುಳಿ ಇದೆ, ಯಾವ ಬಂಡೆ ಜಾರುತ್ತದೆ, ನಾಲೆಗೆ ನೀರು ಬಿಟ್ಟಾಗ ಕೆರೆಯ ಸೆಳೆತ ಎಲ್ಲಿ ಹೆಚ್ಚುತ್ತದೆ ಎಂದು ಹರಿಗೋಲು ಹಾಕುವವರಿಗೆ, ಮೀನುಗಾರರಿಗೆ, ಕುರಿ ಕಾಯುವವರಿಗೆ ಗೊತ್ತು. ಅವರಿಗೆ ತರಬೇತಿ, ಸಮವಸ್ತ್ರ, ತಿಂಗಳ ಸಂಬಳ ಕೊಟ್ಟು ಕಾವಲಿಗೆ ನೇಮಿಸಬೇಕು. ಹರಿಗೋಲಿಗೆ ಪರವಾನಗಿ ಕೊಡಲಿ, ಲೈಫ್ ಜಾಕೆಟ್ ಇಲ್ಲದೆ ದಡ ಬಿಡಬಾರದೆಂಬ ನಿಯಮವೂ ಇರಲಿ. ವಾಹನ ನಿಲುಗಡೆಯ ಹಣದಲ್ಲಿ ಗ್ರಾಮ ಪಂಚಾಯಿತಿಗೆ ಪಾಲು ಸಿಗಲಿ. ಗುಡ್ಡದ ಬುಡದಲ್ಲಿ ಒಗ್ಗರಣೆ–ಮಿರ್ಚಿ ಮಾರುವ ಹೆಣ್ಣುಮಗಳ ಅಂಗಡಿಯನ್ನು ಎತ್ತಿಸುವ ಬದಲು ಅದಕ್ಕೊಂದು ಜಾಗ ಗುರುತಿಸಲಿ. ಜನ ಓಡಾಡುವ, ಅಂಗಡಿ ತೆರೆದಿರುವ ಜಾಗದಲ್ಲಿ ಒಂಟಿ ಪ್ರವಾಸಿಗೆ ಧೈರ್ಯವಿರುತ್ತದೆ. ಕತ್ತಲಾದ ಮೇಲೆ ನಾಲೆಯ ದಾರಿಯಲ್ಲಿ ಪೊಲೀಸ್ ಗಸ್ತು ತಪ್ಪದೆ ತಿರುಗಬೇಕು. ಹೆಂಗಸರು ರಾತ್ರಿ ನಕ್ಷತ್ರ ನೋಡಲು ಹೋಗಬಾರದಿತ್ತು ಎಂಬ ಮಾತು ಅಂದು ಅಲ್ಲಲ್ಲಿ ಕೇಳಿಬಂತು. ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಬೇಕು.

ಇನ್ನು ಕಟ್ಟಡಗಳ ವಿಚಾರ. 2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು, ರೋಪ್‌ವೇ ಮಾತು ಹಲವು ವರ್ಷಗಳಿಂದ ಇದೆ. ಮೊಣಕಾಲು ನೋವಿನ ಅಜ್ಜಿಗೂ ಆ ಗುಡ್ಡದ ಮೇಲೆ ಹಕ್ಕಿದೆ, ನಿಜ. ಆದರೆ ಅಂಜನಾದ್ರಿಯನ್ನು ಸುತ್ತಲಿನ ಎಲ್ಲ ಗುಡ್ಡಗಳಿಂದಲೂ ಜನ ನೋಡುತ್ತಾರೆ, ಅದರ ನೆತ್ತಿಯಲ್ಲಿ ಏನು ಎದ್ದರೂ ಇಡೀ ಕಣಿವೆಗೆ ಕಾಣುತ್ತದೆ. ಇಲ್ಲಿ ಸೇತುವೆಗಳನ್ನು ಕಟ್ಟಲು ಹೊರಟಿದ್ದಕ್ಕೇ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿ ಸೇರಿತ್ತು. ಹೊರಬರಲು 2006ರವರೆಗೆ ಕಾಯಬೇಕಾಯಿತು. ಗಾಜಿನ ಅಟ್ಟಣಿಗೆ, ಸೆಲ್ಫಿ ಪಾಯಿಂಟ್ ಮುಂತಾದ ಹೊಸ ಆಸೆಗಳಿಗೆ ಈ ಗುಡ್ಡಗಳಲ್ಲಿ ಜಾಗವಿಲ್ಲ. ಕೆಳಗಿನ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಂಡೆಗಳ ಸಂದಿಯಲ್ಲಿ ಚಿರತೆ, ಕರಡಿಗಳಿವೆ. ಬೆಳಕಿನ ಪ್ರದರ್ಶನಕ್ಕೂ ಧ್ವನಿವರ್ಧಕಕ್ಕೂ ಇದು ನೆಲೆಯಲ್ಲ.

ಜನಸಂದಣಿ ಹಂಚಿಹೋಗುವ ದಾರಿಯೂ ಇಲ್ಲೇ ಇದೆ. ಗಂಗಾವತಿಯಿಂದ ತುಸು ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳ ನೂರಾರು ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳಿವೆ, ಊರವರು ಮೋರ್ಯರ ಮನೆಗಳೆನ್ನುತ್ತಾರೆ. ಬಡಿದರೆ ನಗಾರಿಯಂತೆ ಮೊಳಗುವ ದೊಡ್ಡ ಕಲ್ಲೂ ಅಲ್ಲುಂಟು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ತಾಣ ಅದು. ಕೊಪ್ಪಳ ಪೇಟೆಯ ಪಕ್ಕದ ಪಾಲ್ಕಿಗುಂಡು ಬೆಟ್ಟದಲ್ಲಿ, ಪಲ್ಲಕ್ಕಿಯಂತೆ ಕೂತ ಬಂಡೆಯಡಿ ಅಶೋಕನ ಶಾಸನವಿದೆ. ಮೇಲೆ ನಿಂತರೆ ಊರೂ ಬಯಲೂ ಒಟ್ಟಿಗೆ ಕಾಣುತ್ತವೆ. ಅಂಜನಾದ್ರಿಗೆ ಬರುವ ಬಸ್ಸುಗಳಲ್ಲಿ ಹತ್ತರಲ್ಲೊಂದು ಈ ಕಡೆ ತಿರುಗಿದರೂ ಎರಡೂ ಕಡೆಗೆ ಒಳ್ಳೆಯದು. ಹಾಗೆ ತಿರುಗುವ ಮೊದಲು ಹಿರೇಬೆಣಕಲ್‌ನ ಕಾಲುದಾರಿಗೆ ಸ್ಪಷ್ಟ ಗುರುತು, ಬುಡದಲ್ಲಿ ಕುಡಿಯುವ ನೀರು, ಸಮಾಧಿಗಳ ಬಳಿ ಊರಿನವರೇ ಆದ ಕಾವಲುಗಾರರು ಇರುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕು. ಸಾಣಾಪುರಕ್ಕೆ ಜನ ಬಂದ ಮೇಲೆ ಮಾಡಹೊರಟ ಕೆಲಸವನ್ನು ಹಿರೇಬೆಣಕಲ್‌ಗೆ ಜನ ಬರುವ ಮೊದಲೇ ಮಾಡಲು ಈಗ ಇನ್ನೂ ಸಮಯವಿದೆ.